ಚೋಮನ ಗುಡಿಸಲು, ಜೇಕನ ಮನೆ



೧೯೯೪ನೆಯ ಇಸವಿಯಲ್ಲಿ ನ್ಯೂಜಿಲೆಂಡ್ ದೇಶದಲ್ಲಿ ಒಂದು ಚಲನಚಿತ್ರವು ತೆರೆಗೆ ಬಂದು, ಅದುವರೆಗೆ ಆ ದೇಶದಲ್ಲಿ ತಯಾರಾಗಿದ್ದ ಚಿತ್ರಗಳೆಲ್ಲವನ್ನೂ ಗಳಿಕೆಯಲ್ಲಿ ಹಿಂದೆ ಹಾಕಿತು. ‘ವನ್ಸ್ ವರ್ ವಾರಿಯರ್ಸ್’ ಎಂದು ಅದರ ಹೆಸರು. ಒಂದು ಕಾಲದಲ್ಲಿ ವೀರರಾಗಿದ್ದವರು ಎಂದು ನಾವು ಹೇಳಿಕೊಳ್ಳಬಹುದು. ಮಾವೋರಿ ತಾಯಿಯ ಮಗನಾದ ಅಲನ್ ಡಫ್ ಅವರು ೧೯೯೦ರಲ್ಲಿ ಪ್ರಕಟಿಸಿದ ಕಾದಂಬರಿಯನ್ನು ರಿವಿಯಾ ಬ್ರೌನ್ ಎಂಬ ಲೇಖಕಿಯು ಚಿತ್ರಕಥೆಯಾಗಿಸಿದರು. ಲೀ ತಮಹೋರಿ ಅವರು ಅದನ್ನು ನಿರ್ದೇಶಿಸಿದರು, ಅದೇ ಅವರ ಮೊದಲ ಕಥಾಚಿತ್ರ. ಯುದ್ಧಪರಾಕ್ರಮಕ್ಕೆ ಹೆಸರಾಗಿದ್ದ ಮಾವೋರಿ ಜನಾಂಗದ ಒಂದು ಬಡ ಸಂಸಾರವು ಆಕ್ಲೆಂಡ್ ನಗರದ ದಕ್ಷಿಣದ ಕೇರಿಯೊಂದರಲ್ಲಿ, ಸರಕಾರವು ಕಟ್ಟಿಸಿಕೊಟ್ಟ ಮನೆಯೊಳಗೆ, ಕುಡಿತದಿಂದಲೂ ಹೊಡೆತದಿಂದಲೂ ಹೇಗೆ ಒಡೆದುಹೋಯಿತೆಂಬುದೇ ಅದರ ಕಥೆ. ಅದು ಬಂದು ಮೂವತ್ತು ವರ್ಷಗಳು ಕಳೆದುವು. ಅದನ್ನು ಕುರಿತ ವಾದವಿವಾದಗಳು ಮಾತ್ರ ಆ ದೇಶದಲ್ಲಿ ಇನ್ನೂ ತಣಿದಿಲ್ಲ.

ಎಲ್ಲಿಯ ಆಕ್ಲೆಂಡ್, ಎಲ್ಲಿಯ ಆಂಧ್ರದ ಗಡಿಯ ನಮ್ಮ ರಾಯದುರ್ಗ ಮಡಕಶಿರಗಳು, ಆ ಮಾತು ನಮಗೇಕೆ ಎಂದು ನೀವು ಕೇಳಿದರೆ ಅದು ಸಹಜವೇ ಸರಿ. ಆ ಚಿತ್ರಕ್ಕಿಂತ ಹತ್ತೊಂಬತ್ತು ವರ್ಷ ಮುಂಚೆ, ೧೯೭೫ರಲ್ಲಿ, ನಮ್ಮ ಕನ್ನಡದಲ್ಲಿಯೇ ಅದರ ಹಿರಿಯಕ್ಕನೆನ್ನಬಹುದಾದ ಚಿತ್ರವೊಂದು ಬಂದಿದೆ. ಅದು ‘ಚೋಮನ ದುಡಿ’. ಶಿವರಾಮ ಕಾರಂತರು ಮೂವತ್ತರ ದಶಕದ ಆರಂಭದ ವರ್ಷಗಳಲ್ಲಿ ಬರೆದ ಕಾದಂಬರಿಯನ್ನು ಬಿ. ವಿ. ಕಾರಂತರು ತೆರೆಗೆ ತಂದರು, ಎಸ್. ರಾಮಚಂದ್ರರು ಛಾಯಾಗ್ರಹಣ ಮಾಡಿದರು, ಎಂ. ವಿ. ವಾಸುದೇವರಾಯರು ಚೋಮನಾಗಿಯೂ ಪದ್ಮಾ ಕುಮಟಾ ಅವರು ಮಗಳು ಬೆಳ್ಳಿಯಾಗಿಯೂ ಅಭಿನಯಿಸಿದರು. ರಾಷ್ಟ್ರದ ಶ್ರೇಷ್ಠ ಕಥಾಚಿತ್ರವೆಂದು ಅದಕ್ಕೆ ಸ್ವರ್ಣಕಮಲವೂ, ಶ್ರೇಷ್ಠ ನಟರೆಂದು ವಾಸುದೇವರಾಯರಿಗೆ ರಾಷ್ಟ್ರಪ್ರಶಸ್ತಿಯೂ ದೊರೆತುವು. ಅದೇ ೧೯೭೫ರಲ್ಲಿ, ಎಂಬತ್ತರ ಹತ್ತಿರ ಬಂದಿದ್ದ ಫೀನಾ ಕೂಪರ್ ಎಂಬ ಮಾವೋರಿ ವೃದ್ಧೆಯು ತನ್ನ ಜನರ ನೆಲವು ಇನ್ನು ಒಂದು ಎಕರೆಯಷ್ಟೂ ಕೈಬಿಟ್ಟು ಹೋಗಬಾರದೆಂದು ಸಾರುತ್ತ, ಉತ್ತರದ ತುದಿಯಿಂದ ರಾಜಧಾನಿಯಾದ ವೆಲಿಂಗ್ಟನ್‌ವರೆಗಿನ ನಡಿಗೆಯನ್ನು ಮುನ್ನಡೆಸಿದಳು; ಅದೇ ವರ್ಷದ ಅಕ್ಟೋಬರ್ ತಿಂಗಳಲ್ಲಿ ನಮ್ಮ ದೇಶದಲ್ಲಿ ಜೀತಪದ್ಧತಿಯನ್ನು ರದ್ದುಗೊಳಿಸುವ ಸುಗ್ರೀವಾಜ್ಞೆಯು ಹೊರಟು, ಮರುವರ್ಷ ಶಾಸನವಾಯಿತು. ನೆಲವಿಲ್ಲದವನ ಮಾತು ಭೂಮಂಡಲದ ಎರಡು ಕಡೆಗಳಲ್ಲಿ ಏಕಕಾಲಕ್ಕೆ ಬಾಯಿಗೆ ಬಂದ ವರ್ಷವದು.

ಚೋಮನ ಕಥೆಯನ್ನು ತಿಳಿಯದವರು ಕನ್ನಡಿಗರಲ್ಲಿ ಕಡಿಮೆ; ಆದರೂ ಮುಂದಿನ ಮಾತಿಗೆ ಬೇಕಾದಷ್ಟನ್ನು ನೆನಪಿಗೆ ತಂದುಕೊಳ್ಳೋಣ. ದಕ್ಷಿಣ ಕನ್ನಡದ ಒಂದು ಹಳ್ಳಿಯಲ್ಲಿ ಸಂಕಪ್ಪಯ್ಯನೆಂಬ ಧಣಿಯ ಹೊಲೆಯಾಳಾಗಿ ಬಾಳುವ ಚೋಮನಿಗೆ ಒಂದು ಜೋಡಿ ಎತ್ತುಗಳಿವೆ, ಅವುಗಳಿಗೆ ಉಳುವುದಕ್ಕೆ ನೆಲವಿಲ್ಲ. ತಾನೂ ಒಬ್ಬ ಬೇಸಾಯಗಾರನಾಗಬೇಕೆಂಬುದು ಆತನ ಜನ್ಮದ ಆಸೆ. ಆತನು ಹುಟ್ಟಿದ ಜಾತಿಗೆ ಆ ಅಧಿಕಾರವಿಲ್ಲವೆಂಬುದು ಊರಿನ ಕಟ್ಟಳೆ. ಮೊಳಕೆಯಂಥ ಆಸೆಯನ್ನು ಹೀಗೆ ಅದುಮಿಟ್ಟುದರಿಂದ ಅದು ಹೆಂಡವಾಗಿಯೂ ದುಡಿಯ ಬಡಿತವಾಗಿಯೂ ಹೊರಡುತ್ತದೆ. ಕಾಫಿ ತೋಟದ ಸಾಲವನ್ನು ತೀರಿಸಲು ಹೋದ ಮಕ್ಕಳಲ್ಲಿ ಚನಿಯನು ಜ್ವರ ಹತ್ತಿಸಿಕೊಂಡು ಬಂದು ಸಾಯುತ್ತಾನೆ. ಗುರುವನು ಕ್ರೈಸ್ತ ಹುಡುಗಿಯನ್ನು ಕೂಡಿಕೊಂಡು ಅತ್ತಲೇ ಉಳಿಯುತ್ತಾನೆ. ಕಿರಿಯ ಮಗ ನೀಲನು ನೀರಿನಲ್ಲಿ ಮುಳುಗುತ್ತಿದ್ದಾಗ ದಡದ ಮೇಲೆ ಮನುಷ್ಯರಿದ್ದರು, ಮುಟ್ಟುವ ಮನುಷ್ಯರು ಇರಲಿಲ್ಲ. ಬೆಳ್ಳಿಯು ತೋಟಕ್ಕೆ ಹೋಗಿ ಸಾಲವನ್ನು ತೀರಿಸಿಬರುತ್ತಾಳೆ. ಅದು ಹೇಗೆ ತೀರಿತೆಂಬುದು ತೋಟದ ಲೆಕ್ಕ ಬರೆಯುವ ಮನ್ವೇಲನಿಗೂ ಆಕೆಗೂ ಮಾತ್ರ ಗೊತ್ತು. ಮತಾಂತರದಿಂದಲಾದರೂ ನೆಲ ಸಿಕ್ಕೀತೆಂದು ಹೊರಟ ಚೋಮನು ಪಂಜುರ್ಲಿ ಭೂತದ ಮೇಲಣ ಭಯಭಕ್ತಿಯಿಂದ ಅರ್ಧದಾರಿಗೇ ತಿರುಗುತ್ತಾನೆ. ಕಡೆಗೆ ಬೆಳ್ಳಿ ಮನ್ವೇಲರ ಸಂಗತಿಯು ಕಣ್ಣಿಗೆ ಬಿದ್ದ ದಿನ ಎತ್ತುಗಳನ್ನು ಅಟ್ಟಿಬಿಟ್ಟು, ಗುಡಿಸಲಿನ ಬಾಗಿಲಿಕ್ಕಿಕೊಂಡು, ದುಡಿಯನ್ನು ಬಡಿಯುತ್ತಲೇ ಪ್ರಾಣ ಬಿಡುತ್ತಾನೆ.

ಇನ್ನು ಜೇಕನ ಮನೆ. ಚಿತ್ರದ ಮೊದಲ ನೋಟದಲ್ಲಿ ಬೆಟ್ಟಗಳೂ ಸರೋವರವೂ ಕೂಡಿದ ರಮಣೀಯವಾದ ಭೂಭಾಗವು ತೆರೆಯನ್ನು ತುಂಬುತ್ತದೆ. ಕ್ಯಾಮರಾ ಮೆಲ್ಲನೆ ಸರಿದಾಗ ಅದು ಹೆದ್ದಾರಿಯ ಪಕ್ಕದಲ್ಲಿ ನಿಲ್ಲಿಸಿದ ಜಾಹೀರಾತಿನ ಫಲಕವೆಂದೂ, ಅದರ ಕೆಳಗಿರುವುದು ಹೊಗೆ, ಸದ್ದು, ಮಾಸಿದ ಮನೆಗಳೆಂದೂ ತಿಳಿಯುತ್ತದೆ. ಎರಡನೆಯ ಮಹಾಯುದ್ಧಕ್ಕೆ ಮುಂಚೆ ಬಹುಪಾಲು ಹಳ್ಳಿಗಳಲ್ಲಿಯೇ ನೆಲೆಸಿದ್ದ ಮಾವೋರಿ ಜನರು, ಯುದ್ಧಾನಂತರದ ಕೆಲವೇ ದಶಕಗಳಲ್ಲಿ ಕಾರ್ಖಾನೆಗಳ ಕೆಲಸವನ್ನು ಅರಸಿಕೊಂಡು ನಗರಗಳಿಗೆ ಬಂದು ಸೇರಿದ ಚರಿತ್ರೆಯನ್ನೆಲ್ಲ ಈ ಒಂದೇ ನೋಟವು ಹೇಳಿಬಿಡುತ್ತದೆ. ಜೇಕ್ ಹೆಕೆ ಕೆಲಸ ಕಳೆದುಕೊಂಡವನು. ಗೆಳೆಯರನ್ನು ಕೂಡಿಸಿ ಮನೆಯಲ್ಲಿಯೇ ಕುಡಿಯುವವನು. ಪ್ರೀತಿ ಬಂದಾಗ ಹೆಂಡತಿಯೊಡನೆ ಹಾಡುವವನು, ಕೋಪ ಬಂದಾಗ ಅವಳ ಮುಖವನ್ನು ಜಜ್ಜುವವನು. ಹೆಂಡತಿ ಬೆತ್‌ ಆ ಜಜ್ಜಿದ ಮುಖವನ್ನು ಹೊತ್ತು ನ್ಯಾಯಾಲಯಕ್ಕೆ ಹೋಗಲಾರದುದರಿಂದ ಒಬ್ಬ ಮಗನು ಸರಕಾರದ ಪಾಲನಾಗೃಹವನ್ನು ಸೇರುತ್ತಾನೆ. ಹಿರಿಯವನು ಪುಂಡರ ಗುಂಪನ್ನು ಸೇರಿ ಮುಖಕ್ಕೆ ಹಚ್ಚೆ ಹುಯ್ಯಿಸಿಕೊಳ್ಳುತ್ತಾನೆ. ಹದಿಮೂರರ ಮಗಳು ಗ್ರೇಸ್ ಪುಸ್ತಕವೊಂದರಲ್ಲಿ ಕಥೆಗಳನ್ನು ಬರೆದಿಟ್ಟುಕೊಳ್ಳುವ ಹುಡುಗಿ. ತಂದೆಯ ಗೆಳೆಯನೇ, ಆಕೆ ಮಾವನೆಂದು ಕರೆಯುವವನೇ, ಆಕೆಯ ಮೇಲೆ ಅತ್ಯಾಚಾರ ಮಾಡುತ್ತಾನೆ. ಆಕೆ ಯಾರಿಗೂ ಹೇಳಲಾರದೆ ಮನೆಯ ಹಿತ್ತಿಲಲ್ಲಿ ನೇಣು ಹಾಕಿಕೊಳ್ಳುತ್ತಾಳೆ.

ಈ ಚಿತ್ರದಲ್ಲಿ ಒಂದು ಮಾತಿದೆ. ಜಾತಿಯ ನೆರಳಿನಲ್ಲಿ ಬೆಳೆದ ನಮ್ಮಂಥವರ ಕಿವಿಗೆ ಅದು ಬೀಳದೆ ಹೋಗುವಂತಿಲ್ಲ. ಜೇಕನ ಪೂರ್ವಿಕರು ಮಾವೋರಿ ಸಮಾಜದ ಒಳಗೇ ದಾಸರಾಗಿದ್ದವರು. ಬೆತ್‌ಳಾದರೋ ಕುಲೀನರ ಮನೆಯ ಮಗಳು. ಆಕೆಯ ಹಿರಿಯರು ಇವನನ್ನು ಅಳಿಯನೆಂದು ಒಪ್ಪಲಿಲ್ಲ. ಈ ಕಹಿಯನ್ನು ಆತನು ಎಂದೂ ಮರೆತವನಲ್ಲ. ಹೀಗಾಗಿ ಚಿತ್ರದ ಶೀರ್ಷಿಕೆಯು ಯಾವ ವೀರರ ಕುಲವನ್ನು ನೆನೆಯುತ್ತದೆಯೋ ಆ ಕುಲದ ಕೀರ್ತಿಯಲ್ಲಿ ಜೇಕನಿಗೆ ಪಾಲೇ ಇರಲಿಲ್ಲ. ಬಿಳಿಯರು ಬಂದು ಮಾವೋರಿಗಳ ನೆಲವನ್ನು ಕಿತ್ತುಕೊಂಡರು, ನಿಜ. ಅದಕ್ಕೂ ಮೊದಲೇ ಮಾವೋರಿಗಳ ನಡುವೆಯೇ ಒಬ್ಬನು ಮೇಲು, ಒಬ್ಬನು ಕೀಳು ಎಂಬ ಗೆರೆಯೊಂದಿತ್ತು, ಅದೂ ನಿಜ. ಎರಡು ಪೆಟ್ಟುಗಳೂ ಒಂದೇ ಬೆನ್ನಿನ ಮೇಲೆ ಬಿದ್ದುವು. ಆ ಬೆನ್ನಿನವನು ತಾನು ತಿಂದುದನ್ನೆಲ್ಲ ತನಗಿಂತ ಬಲಹೀನಳಾದ ಹೆಂಡತಿಯ ಮೇಲೆ ತೀರಿಸಿಕೊಂಡನು. ಕಡೆಯಲ್ಲಿ ಬೆತ್‌ ಆತನಿಗೆ ಹೇಳುವುದೂ ಇದನ್ನೇ: ನೀನು ಇನ್ನೂ ದಾಸನೇ, ನಿನ್ನ ಮುಷ್ಟಿಗೂ ನಿನ್ನ ಕುಡಿತಕ್ಕೂ ನಿನಗೇ ನೀನು ದಾಸ, ಎಂಬ ಅಭಿಪ್ರಾಯದ ಮಾತನ್ನಾಡಿ, ಉಳಿದ ಮಕ್ಕಳನ್ನು ಕರೆದುಕೊಂಡು ಆಕೆ ಹೊರಟುಹೋಗುತ್ತಾಳೆ.

ಈ ಎರಡು ಚಿತ್ರಗಳನ್ನು ಒಟ್ಟಿಗೆ ಇಟ್ಟು ನೋಡಬೇಕೆಂಬುದು ನನ್ನ ಅಭಿಪ್ರಾಯ, ಏಕೆಂದರೆ ಒಂದರ ಕೊರತೆಯನ್ನು ಮತ್ತೊಂದು ತುಂಬುತ್ತದೆ. ‘ಚೋಮನ ದುಡಿ’ಯು ಕೇಡಿನ ಬೇರನ್ನು ಗುಡಿಸಲಿನ ಹೊರಗೆ ಹುಡುಕುತ್ತದೆ: ಧಣಿ, ತೋಟ, ಸಾಲ, ಜಾತಿ, ನೆಲ. ಚೋಮನು ಕುಡಿಯುವುದನ್ನೂ, ಮಕ್ಕಳು ದುಡಿದ ಕಾಸು ಹೆಂಡದಂಗಡಿಗೆ ಹೋಗುವುದನ್ನೂ ಅದು ಮರೆಮಾಚುವುದಿಲ್ಲ. ಆದರೆ ಅದರ ಹೊಣೆಯನ್ನು ಆತನ ಮೇಲೆ ಹೊರಿಸಲು ಅದರ ಕರುಣೆಯು ಬಿಡುವುದಿಲ್ಲ. ಮಾವೋರಿ ಚಿತ್ರವು ಕೇಡನ್ನು ಮನೆಯ ಒಳಗೇ ನಿಲ್ಲಿಸಿ ತೋರಿಸುತ್ತದೆ. ಬಿಳಿಯರು ಅದರಲ್ಲಿ ಕಾಣುವುದೇ ಅಪರೂಪ. ಈ ಕಾರಣದಿಂದಲೇ ಮಾವೋರಿ ವಿಮರ್ಶಕರಲ್ಲಿ ಹಲವರು ಆ ಚಿತ್ರವನ್ನು ಕಟುವಾಗಿ ಆಕ್ಷೇಪಿಸಿದರು. ೧೮೪೦ರ ವೈಟಾಂಗಿ ಒಪ್ಪಂದದ ತರುವಾಯ ನೆಲವು ಕೈಬಿಟ್ಟುಹೋದ ಚರಿತ್ರೆಯನ್ನು ಹೇಳದೆ, ಹೊಡೆಯುವ ಗಂಡಸನ್ನು ಮಾತ್ರ ತೋರಿಸಿದರೆ, ನೋಡುವವರು ಹೊಡೆತವೇ ಆ ಜನರ ಸ್ವಭಾವವೆಂದು ತಿಳಿಯುವುದಿಲ್ಲವೆ ಎಂಬುದು ಅವರ ಪ್ರಶ್ನೆ. ಪ್ರಶ್ನೆಯು ಸರಿಯಾದುದೇ. ಆದರೆ ಹೊರಗಿನ ಕಾರಣಗಳನ್ನೆಲ್ಲ ಎಣಿಸಿ ಮುಗಿಸುವವರೆಗೆ ಮನೆಯೊಳಗಿನ ಹೆಂಗಸು ಪೆಟ್ಟು ತಿನ್ನುತ್ತ ಕಾದಿರಬೇಕೆ ಎಂಬ ಬೆತ್‌ಳ ಪ್ರಶ್ನೆಯೂ ಅಷ್ಟೇ ಸರಿಯಾದುದು. ನೆಲವನ್ನು ಕಸಿದ ಲೋಕವೂ ಹೊಣೆ, ಕೈಯೆತ್ತಿದ ಗಂಡಸೂ ಹೊಣೆ. ಇವೆರಡರಲ್ಲಿ ಒಂದನ್ನು ಬಿಟ್ಟು ಮತ್ತೊಂದನ್ನು ಹೇಳುವವರು ಬಡವರ ಮನೆಯ ಅರ್ಧ ಸತ್ಯವನ್ನು ಮಾತ್ರ ಹೇಳುತ್ತಾರೆ.

ರಾಯದುರ್ಗದ ಸೀಮೆಯ ಹಳ್ಳಿಯೊಂದರಲ್ಲಿ, ಶಾಲೆಯ ಗೋಡೆಗೆ ಬಿಳಿಯ ಪಂಚೆಯನ್ನು ಕಟ್ಟಿ, ಕೆಲವು ಉತ್ಸಾಹಿಗಳು ‘ಚೋಮನ ದುಡಿ’ಯನ್ನು ತೋರಿಸಿದಾಗ ನಾನು ಅಲ್ಲಿದ್ದೆನು. ಆ ಮಳೆ, ಆ ಹಸಿರು, ತುಳುನಾಡಿನ ಆ ಮಾತಿನ ಧಾಟಿ, ಯಾವುದೂ ಹಗರಿಯ ದಂಡೆಯ ಒಣನಾಡಿನದಲ್ಲ. ಆದರೂ ಜನ ಕದಲದೆ ಕುಳಿತು ನೋಡಿದರು. ಮುಗಿದ ಮೇಲೆ ಕೇರಿಯ ಒಬ್ಬ ಮುದುಕಿ ಪಕ್ಕದಲ್ಲಿದ್ದ ಹುಡುಗನನ್ನು ಕೇಳಿದಳು: “ಹೊಲ ಇಲ್ದಾತ ಎತ್ತು ಯಾಕ್ ಕಟ್ಟಿದ್ದ ಯಪ್ಪಾ?” “ಎತ್ತಿದ್ರೆ ಇವತ್ತಲ್ಲ ನಾಳೆ ಹೊಲ ಬರ್ತೈತಂತ ಕಟ್ಟಿದ್ದ ಬೇ ಅವ್ವಾ,” ಎಂದನು ಅವನು. ಮುದುಕಿ ಸ್ವಲ್ಪ ಹೊತ್ತು ಸುಮ್ಮನಿದ್ದು, “ನಮಗ ಹೊಲ ಬಂತು, ಎತ್ತು ಹೋದ್ವು,” ಎಂದಳು.

ಆ ಮುದುಕಿಯ ಒಂದು ಮಾತಿನಲ್ಲಿ ಅನಂತಪುರ ಜಿಲ್ಲೆಯ ಬಡವರ ಅರ್ಧಶತಮಾನದ ಇತಿಹಾಸವಿದೆ. ಸರಕಾರವು ಭೂಹೀನರಿಗೆ ಡಿಕೆಟಿ ಪಟ್ಟಾ ಎಂಬ ಹಕ್ಕುಪತ್ರವನ್ನು ಕೊಟ್ಟು ನೆಲ ಹಂಚಿತು. ಹಾಗೆ ಹಂಚಿದ ನೆಲವು ಬಲವಂತರ ಕೈಸೇರದಿರಲೆಂದು ೧೯೭೭ರಲ್ಲಿ ಆಂಧ್ರದ ಶಾಸನಸಭೆಯು ಶಾಸನವನ್ನೂ ಮಾಡಿತು. ಚೋಮನಿಗೆ ದೊರೆಯದ ನೆಲ ಆತನ ಮೊಮ್ಮಕ್ಕಳಿಗೆ ಕಾಗದದ ಮೇಲೆ ದೊರೆಯಿತು. ಆದರೆ ಹಂಚುವುದಕ್ಕೆ ಉಳಿದಿದ್ದುದು ಬಹುಮಟ್ಟಿಗೆ ಕಲ್ಲುನೆಲ, ಬೋರೆನೆಲ. ಮಳೆಯೋ, ದೇಶದಲ್ಲಿಯೇ ಅತ್ಯಂತ ಕಡಿಮೆ ಬೀಳುವ ಜಿಲ್ಲೆಗಳ ಸಾಲಿನಲ್ಲಿ ಅನಂತಪುರವನ್ನು ಹೇಳುತ್ತಾರೆ. ಕಣೇಕಲ್ಲು ಬೊಮ್ಮನಹಾಳಿನ ಕಡೆಗೆ ಹಗರಿಯ ಮರಳು ಗಾಳಿಗೆದ್ದು ಹೊಲಗಳ ಮೇಲೆ ದಿಬ್ಬಗಳಾಗಿ ಕೂತಿರುವುದನ್ನು ನೀವೆಲ್ಲ ಕಂಡಿದ್ದೀರಿ. ಒಂದೇ ಶೇಂಗಾ ಬೆಳೆಯನ್ನು ನಂಬಿ, ಅದು ಒಣಗಿದ ವರ್ಷ ಬೀಜದ ಸಾಲ ಹೊತ್ತು, ಆ ಸಾಲಕ್ಕೆ ಎತ್ತು ಮಾರಿ, ಕಡೆಗೆ ಗುಳೆ ಹೋಗುವ ಸಂಸಾರಗಳ ಸ್ಥಿತಿಯು ಚೋಮನ ಸ್ಥಿತಿಯ ಮತ್ತೊಂದು ಮುಖವಷ್ಟೆ. ಮಡಕಶಿರದ ಕಡೆಯವರಿಗೆ ಗುಳೆಯ ಊರು ಬೆಂಗಳೂರು. ಚೋಮನ ಮಕ್ಕಳಿಗೆ ಘಟ್ಟದ ಕಾಫಿ ತೋಟ ಏನಾಗಿತ್ತೋ, ಜೇಕನ ತಂದೆತಾತಂದಿರ ತಲೆಮಾರಿಗೆ ಆಕ್ಲೆಂಡಿನ ಕಾರ್ಖಾನೆ ಏನಾಗಿತ್ತೋ, ನಮ್ಮವರಿಗೆ ಬೆಂಗಳೂರಿನ ಕಟ್ಟಡದ ಕೆಲಸ ಅದಾಗಿದೆ.

ವಾಸುದೇವರಾಯರ ವಿಷಯದಲ್ಲಿ ಇಲ್ಲಿ ಒಂದು ಮಾತು ಸೇರಿಸಬೇಕು. ‘ಚೋಮನ ದುಡಿ’ಯಾದ ಎರಡು ವರ್ಷಕ್ಕೆ, ೧೯೭೭ರಲ್ಲಿ, ಬಂಗಾಳದ ಮೃಣಾಲ್ ಸೇನ್ ಅವರು ಪ್ರೇಮಚಂದರ ‘ಕಫನ್’ ಕಥೆಯನ್ನು ‘ಒಕ ಊರಿ ಕಥ’ ಎಂಬ ಹೆಸರಿನಲ್ಲಿ ತೆಲುಗಿನಲ್ಲಿ ಚಿತ್ರವಾಗಿಸಿದಾಗ, ಅದರ ಮುಖ್ಯಪಾತ್ರಕ್ಕೆ ಆರಿಸಿಕೊಂಡುದು ಇದೇ ವಾಸುದೇವರಾಯರನ್ನು. ಕನ್ನಡದಲ್ಲಿ ನೆಲಕ್ಕಾಗಿ ಹಂಬಲಿಸಿ ಸತ್ತ ತಂದೆ, ತೆಲುಗಿನಲ್ಲಿ ದುಡಿದು ಫಲವೇನೆಂದು ಕೈಕಟ್ಟಿ ಕುಳಿತ ತಂದೆಯಾದನು. ಎರಡು ಮನೆಗಳಲ್ಲಿಯೂ ಕೊನೆಗೆ ಬಲಿಯಾದವಳು ಹೆಣ್ಣು, ಇಲ್ಲಿ ಮಗಳು, ಅಲ್ಲಿ ಹೆರಿಗೆಯ ನೋವಿನಲ್ಲಿ ಸತ್ತ ಸೊಸೆ. ಕನ್ನಡವನ್ನು ಮನೆಯಲ್ಲಿಯೂ ತೆಲುಗನ್ನು ಕಚೇರಿಯಲ್ಲಿಯೂ ಆಡಿಕೊಂಡು ಬಾಳುವ ನಮ್ಮ ಗಡಿಯವರು ಈ ಎರಡು ಚಿತ್ರಗಳನ್ನೂ ಭಾಷಾಂತರದ ಹಂಗಿಲ್ಲದೆ ನೋಡಬಲ್ಲವರು. ಈ ಸೌಭಾಗ್ಯ ಬೆಂಗಳೂರಿನವರಲ್ಲಿಯೂ ಹೈದರಾಬಾದಿನವರಲ್ಲಿಯೂ ಎಲ್ಲರಿಗೂ ಇಲ್ಲ.

ಚಿತ್ರದ ಪರಿಣಾಮವೆಂದರೆ ಏನು? ಕಣ್ಣೀರು ಬತ್ತುವುದಕ್ಕೆ ಅರ್ಧ ಗಂಟೆ ಸಾಕು. ಪ್ರಶಸ್ತಿಯು ಗೋಡೆಗೆ ಸೇರುತ್ತದೆ. ಮನೆಯೊಳಗೆ ಬಾಯಿಮುಚ್ಚಿ ನುಂಗುತ್ತಿದ್ದ ದುಃಖವೊಂದನ್ನು ಊರ ನಡುವೆ ಆಡಬಹುದಾದ ಮಾತಾಗಿ ಮಾಡಿದರೆ ಮಾತ್ರ ಚಿತ್ರವು ಉಳಿಯಿತೆಂದು ನಾನು ತಿಳಿಯುತ್ತೇನೆ. ಈ ದೃಷ್ಟಿಯಿಂದ ಎರಡೂ ಚಿತ್ರಗಳಲ್ಲಿ ಅಕ್ಷರವು ಯಾರ ಕೈಯಲ್ಲಿದೆಯೆಂಬುದನ್ನು ಗಮನಿಸಿ. ಚೋಮನ ಕಥೆಯಲ್ಲಿ ಬರೆಯುವ ಕೈ ಮನ್ವೇಲನದು. ಸಾಲವು ಇದೆಯೆಂದು ಬರೆದ ಕೈಯೂ ತೀರಿತೆಂದು ಬರೆದ ಕೈಯೂ ಬೆಳ್ಳಿಯನ್ನು ಕೆಡಿಸಿದ ಕೈಯೂ ಒಂದೇ. ಬೆಳ್ಳಿಗೆ ನಡೆದುದನ್ನು ದಾಖಲೆ ಮಾಡುವ ಸಾಧನವೇ ಇರಲಿಲ್ಲ; ಆಕೆಯ ತಂದೆಗಿದ್ದುದು ಮಾತಿಲ್ಲದ ದುಡಿ. ಮಾವೋರಿ ಚಿತ್ರದಲ್ಲಿ ಗ್ರೇಸ್ ಬರೆಯಬಲ್ಲವಳು. ಆಕೆಯು ಸತ್ತ ಮೇಲೆ ಆ ಪುಸ್ತಕವನ್ನು ತಾಯಿಯು ಓದಿದಾಗಲೇ ಅಪರಾಧಿಯು ಯಾರೆಂಬುದು ಬಯಲಿಗೆ ಬರುವುದು. ಅಕ್ಷರವು ಆ ಹುಡುಗಿಯ ಪ್ರಾಣವನ್ನು ಉಳಿಸಲಿಲ್ಲ. ಆದರೆ ಆಕೆಯ ತಾಯಿಯನ್ನೂ ತಮ್ಮತಂಗಿಯರನ್ನೂ ಆ ಮನೆಯಿಂದ ಎಬ್ಬಿಸಿತು. ಆ ಕಾದಂಬರಿಯನ್ನು ಬರೆದ ಅಲನ್ ಡಫ್ ಅವರು ಚಿತ್ರವು ಬಂದ ಆ ಕಾಲದಲ್ಲಿಯೇ ಬಡಮಕ್ಕಳ ಮನೆಗಳಿಗೆ ಉಚಿತವಾಗಿ ಪುಸ್ತಕಗಳನ್ನು ಹಂಚುವ ಕಾರ್ಯಕ್ಕೆ ಕೈಹಾಕಿ ಅದನ್ನು ದೊಡ್ಡದಾಗಿ ಬೆಳೆಸಿದುದು ನನ್ನ ಮನಸ್ಸಿಗೆ ಬಹಳ ಹಿಡಿಸಿದ ಸಂಗತಿ. ಗೃಹಹಿಂಸೆಯನ್ನು ತಡೆಯುವ ಶಾಸನವೂ ಆ ದೇಶದಲ್ಲಿ ೧೯೯೫ರಲ್ಲಿ ಬಂದಿತು. ನಮ್ಮ ದೇಶವು ಅಂಥ ಶಾಸನಕ್ಕಾಗಿ ೨೦೦೫ರವರೆಗೆ ಕಾಯಬೇಕಾಯಿತು.

ಅಕ್ಷರಕ್ಕೂ ಕುಡಿತಕ್ಕೂ ಹೆಣ್ಣಿನ ಮಾತಿಗೂ ಇರುವ ಸಂಬಂಧವನ್ನು ತಿಳಿಯಲು ನಾವು ಸಾಗರವನ್ನು ದಾಟಿ ಹೋಗಬೇಕಾದ್ದಿಲ್ಲ. ತೊಂಬತ್ತರ ದಶಕದ ಆರಂಭದಲ್ಲಿ ಇದೇ ಆಂಧ್ರದ ನೆಲ್ಲೂರು ಜಿಲ್ಲೆಯಲ್ಲಿ ವಯಸ್ಕರ ಶಿಕ್ಷಣಕ್ಕೆಂದು ಸಿದ್ಧಪಡಿಸಿದ ಓದುಪುಸ್ತಕದಲ್ಲಿ ಸೀತಮ್ಮನೆಂಬ ಹೆಂಗಸಿನ ಕಥೆಯೊಂದು ಪಾಠವಾಗಿತ್ತು. ಗಂಡಸರ ಸಾರಾಯಿಯಿಂದ ಬೇಸತ್ತ ಊರಿನಲ್ಲಿ ಹೆಂಗಸರು ಒಗ್ಗೂಡಿ ಸಾರಾಯಿ ಅಂಗಡಿಯನ್ನು ಮುಚ್ಚಿಸಿದರೆಂಬುದು ಅದರ ತಾತ್ಪರ್ಯ. ರಾತ್ರಿಶಾಲೆಯಲ್ಲಿ ಅದನ್ನು ಕೇಳಿದ ದೂಬಗುಂಟದ ಹೆಂಗಸರು, ಇದು ನಮ್ಮ ಊರಿನಲ್ಲಿಯೂ ಏಕಾಗಬಾರದೆಂದು ಎದ್ದರು. ರೋಶಮ್ಮನವರ ಹೆಸರು ಆ ಚಳವಳಿಯೊಡನೆ ಶಾಶ್ವತವಾಗಿ ಸೇರಿಕೊಂಡಿದೆ. ೧೯೯೨ರಲ್ಲಿ ಭುಗಿಲೆದ್ದ ಆ ಚಳವಳಿಯು ಜಿಲ್ಲೆಯಿಂದ ಜಿಲ್ಲೆಗೆ ಹಬ್ಬಿ, ೧೯೯೩ರ ಅಕ್ಟೋಬರಿನಲ್ಲಿ ಸರಕಾರವು ಸಾರಾಯಿಯನ್ನು ನಿಷೇಧಿಸಬೇಕಾಯಿತು, ೧೯೯೫ರಲ್ಲಿ ಎನ್. ಟಿ. ರಾಮರಾಯರ ಸರಕಾರವು ಪೂರ್ಣ ಪಾನನಿಷೇಧವನ್ನೇ ಜಾರಿಗೆ ತಂದಿತು. ಎರಡೇ ವರ್ಷಗಳಲ್ಲಿ, ೧೯೯೭ರಲ್ಲಿ, ಅದನ್ನು ಸಡಿಲಿಸಿದರೆಂಬುದು ದುಃಖದ ಸಂಗತಿ. ಗಡಿಯಾಚೆಯ ಕರ್ನಾಟಕದಲ್ಲಿ ಸಾರಾಯಿ ನಿಂತುದು ೨೦೦೭ರಲ್ಲಿ. ಓದುಪುಸ್ತಕದ ಪುಟ್ಟ ಕಥೆಯೊಂದು ಒಂದು ರಾಜ್ಯದ ಅಬಕಾರಿಯನ್ನು ನಡುಗಿಸಿತೆಂಬ ಈ ಸಂಗತಿಯನ್ನು, ಕಥೆಯಿಂದ ಏನಾದೀತೆಂದು ಕೇಳುವವರಿಗೆ ನಾನು ಸದಾ ಹೇಳುತ್ತೇನೆ. ಆಕ್ಲೆಂಡಿನಲ್ಲಿ ಬೆತ್‌ ಮನೆಯಿಂದ ಹೊರಬಂದ ದೃಶ್ಯವನ್ನು ಜನರು ತೆರೆಯ ಮೇಲೆ ನೋಡುವುದಕ್ಕೆ ಎರಡು ವರ್ಷ ಮೊದಲೇ, ನೆಲ್ಲೂರಿನ ಹಳ್ಳಿಗಳಲ್ಲಿ ಸಾವಿರಾರು ಮಂದಿ ಹೆಂಗಸರು ಬೀದಿಗೆ ಬಂದಿದ್ದರು.

ಕಾಲವು ಇಂಥ ಚಿತ್ರಗಳಿಗೆ ಅಪಾಯವನ್ನೂ ತರುತ್ತದೆ. ಜೇಕನು ಕುಡಿದು ಹೆಂಡತಿಯನ್ನು ಮೊಟ್ಟೆ ಬೇಯಿಸೆಂದು ಗದರುವ, ಆಕೆ ಒಲ್ಲೆನೆಂದುದಕ್ಕೆ ಹೊಡೆದು ಹಾಕುವ ಭಯಂಕರವಾದ ದೃಶ್ಯವಿದೆ; ಆ ದೃಶ್ಯದ ಮಾತು ಬರಬರುತ್ತ ನ್ಯೂಜಿಲೆಂಡಿನಲ್ಲಿ ಗೆಳೆಯರ ಕೂಟಗಳ ನಗೆಮಾತಾಗಿ ಹೋಯಿತು. ನೋವು ನಗೆಯಾದ ಕೂಡಲೇ ಚಿತ್ರವು ಅರ್ಧ ಸತ್ತಂತೆ. ನಮ್ಮ ಸಿನಿಮಾಗಳಲ್ಲಿ ಕುಡುಕನನ್ನು ಹಾಸ್ಯಕ್ಕೆಂದೇ ಇಟ್ಟುಕೊಳ್ಳುವ ರೂಢಿಯೂ ಇದೇ ದೋಷವನ್ನು ಮಾಡುತ್ತದೆ. ತೆರೆಯ ಮೇಲೆ ತೂರಾಡುವವನನ್ನು ನೋಡಿ ನಕ್ಕವರಲ್ಲಿ ಅನೇಕರ ಮನೆಯಲ್ಲಿ ಆ ರಾತ್ರಿಯೇ ಯಾರೋ ಅಳುತ್ತಿರುತ್ತಾರೆ.

ಮತ್ತೊಂದು ಆಕ್ಷೇಪವು ನಮ್ಮವರದೇ. ‘ಚೋಮನ ದುಡಿ’ಯನ್ನು ಬರೆದವರೂ ತೆರೆಗೆ ತಂದವರೂ ಚೋಮನ ಕುಲದವರಲ್ಲ, ಅವರ ಅನುಕಂಪವು ನಿರ್ಮಲವಾದುದಾದರೂ ಅದು ಅಂಗಳದ ಆಚೆಯಿಂದ ನೋಡಿದ ಅನುಕಂಪವೆಂದು ಹೇಳುವವರಿದ್ದಾರೆ. ಈ ಮಾತಿನಲ್ಲಿ ಹುರುಳಿದೆ. ಚಿತ್ರವು ಬಂದ ೧೯೭೫ರಲ್ಲಿಯೇ ದಲಿತ ಕವಿ ಸಿದ್ಧಲಿಂಗಯ್ಯನವರ ‘ಹೊಲೆಮಾದಿಗರ ಹಾಡು’ ಪ್ರಕಟವಾಯಿತು. ಅದಕ್ಕೆ ತುಸು ಮುಂಚೆ, ೧೯೭೩ರಲ್ಲಿ, ಸಚಿವರಾಗಿದ್ದ ಬಸವಲಿಂಗಪ್ಪನವರ ಒಂದು ಭಾಷಣದಿಂದೆದ್ದ ಬೂಸಾ ಪ್ರಕರಣವು ತರುಣ ದಲಿತರನ್ನು ಒಟ್ಟುಗೂಡಿಸಿತ್ತು. ಅನಂತರ ದೇವನೂರ ಮಹಾದೇವರ ‘ಒಡಲಾಳ’ವೂ ‘ಕುಸುಮಬಾಲೆ’ಯೂ ಬಂದುವು. ಚೋಮನು ದುಡಿಯಲ್ಲಿ ಬಡಿದುದನ್ನು ಆತನ ಮುಂದಿನವರು ತಮ್ಮ ಬಾಯಿಂದಲೇ ಹೇಳಿದರು. ಮಾವೋರಿಗಳಲ್ಲಿ ಈ ಕ್ರಮವು ತಿರುವುಮುರುವಾಯಿತು: ತಮ್ಮವರ ಕಥೆಯನ್ನು ತಾವೇ ತೆರೆಗೆ ತಂದ ಬ್ಯಾರಿ ಬಾರ್ಕ್ಲೆ ಅವರ ‘ನಾಟಿ’ ೧೯೮೭ರಲ್ಲಿಯೂ ಮೆರಾಟಾ ಮಿಟಾ ಎಂಬಾಕೆಯ ‘ಮೌರಿ’ ೧೯೮೮ರಲ್ಲಿಯೂ ಮೊದಲೇ ಬಂದಿದ್ದುವು, ಲೋಕವು ಮಾತ್ರ ಕಣ್ಣೆತ್ತಿ ನೋಡಿದುದು ರಕ್ತ ಹರಿದ ಮೇಲೆ.

ಗತವೈಭವದ ವಿಷಯವಾಗಿಯೂ ಒಂದು ಮಾತು. ಮಡಕಶಿರದ ಸೀಮೆಯ ಹೇಮಾವತಿಯು ಹೆಂಜೇರು ಎಂಬ ಹೆಸರಿನಿಂದ ನೊಳಂಬ ಪಲ್ಲವರ ರಾಜಧಾನಿಯಾಗಿ ಮೆರೆದ ಸ್ಥಳ. ರಾಯದುರ್ಗದ ಬೆಟ್ಟದ ಮೇಲೆ ಬೇಡ ನಾಯಕರ ಕಾಲವನ್ನು ನೆನಪಿಸುವ ಕೋಟೆಯಿದೆ. ನಾವೂ ಒಂದು ಕಾಲದಲ್ಲಿ ವೀರರಾಗಿದ್ದವರೇ. ಆದರೆ ಆ ಕೋಟೆಯ ಕಲ್ಲನ್ನು ಹೊತ್ತವರ ಸಂತತಿಯು ಇಂದು ಯಾವ ಕೇರಿಯಲ್ಲಿದೆಯೆಂದು ಕೇಳದೆ ವೀರತ್ವವನ್ನು ಕೊಂಡಾಡುವುದು ಜೇಕನಂಥವರನ್ನು ಎರಡನೆಯ ಸಲ ಹೊರಗಿಟ್ಟಂತೆ. ಮಾವೋರಿ ಚಿತ್ರವು ಇದನ್ನು ಬಲು ಸೂಕ್ಷ್ಮವಾಗಿ ಬಲ್ಲುದು. ಬೆತ್‌ ತನ್ನ ಹಿರಿಯರಿಂದ ಪಡೆದುಕೊಳ್ಳುವುದು ಯುದ್ಧದ ಆವೇಶವನ್ನಲ್ಲ. ಮಗಳ ಶವವನ್ನು ಆಕೆ ತನ್ನ ಕುಲದವರ ಸಭಾಮಂದಿರಕ್ಕೆ ಕೊಂಡೊಯ್ಯುತ್ತಾಳೆ, ಅಲ್ಲಿ ಎಲ್ಲರೂ ಕೂಡಿ ಬಹಿರಂಗವಾಗಿ ಅಳುತ್ತಾರೆ. ಪಾಲನಾಗೃಹದ ಮಗನಿಗೂ ಗುರುವು ಕಲಿಸುವುದು ದೊಣ್ಣೆಯ ಏಟಿಗಿಂತ ಹೆಚ್ಚಾಗಿ ಮನಸ್ಸಿನ ಹಿಡಿತವನ್ನು. ಹಿಂದಿನದರಲ್ಲಿ ಉಳಿಸಿಕೊಳ್ಳತಕ್ಕದ್ದು ಇಂಥದು. ಚೋಮನಿಗೆ ಪಂಜುರ್ಲಿಯಿಂದ ದೊರೆತುದು ಭಯ. ಆತನ ಜೊತೆಗೂಡಿ ಅಳುವ ಊರು ದೊರೆಯಲಿಲ್ಲ.

ಅಕ್ಷರದ ಮಾತಿಗೆ ಮರಳಬೇಕಾದರೆ ನಮ್ಮ ಗಡಿಯ ಕಥೆಯನ್ನೂ ಹೇಳಬೇಕು. ೧೯೫೩ರ ಅಕ್ಟೋಬರ್ ಒಂದರಂದು ಆಂಧ್ರ ರಾಜ್ಯವು ಏರ್ಪಟ್ಟಾಗ ಬಳ್ಳಾರಿ ಜಿಲ್ಲೆಯು ಒಡೆದು, ಆದವಾನಿ ಆಲೂರುಗಳೊಡನೆ ರಾಯದುರ್ಗವೂ ಆಂಧ್ರಕ್ಕೆ ಸೇರಿತು. ಮಡಕಶಿರವು ಈಗ ೨೦೨೨ರಿಂದ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದೆ. ಗೆರೆಗಳು ಹೀಗೆ ಸರಿಯುತ್ತಿದ್ದರೂ ಅಗಳಿ, ರೊಳ್ಳ, ಅಮರಾಪುರ, ಗುಡಿಬಂಡೆಗಳ ಕಡೆ ಮನೆಮಾತು ಕನ್ನಡವೇ. ಕನ್ನಡ ಶಾಲೆಗಳೂ ಇವೆ. ಆದರೆ ಪಟ್ಟಾದ ಕಾಗದ, ಪಡಿತರದ ಕಾಗದ, ಠಾಣೆಯಲ್ಲಿ ಬರೆದುಕೊಳ್ಳುವ ದೂರು, ಇವು ತೆಲುಗಿನಲ್ಲಿರುತ್ತವೆ. ತೆಲುಗನ್ನು ಆಡಬಲ್ಲರಾದರೂ ಓದಲಾರದ ಹೆಂಗಸರು ನಮ್ಮಲ್ಲಿ ಎಷ್ಟೋ ಮಂದಿ. ಅವರ ಪಾಲಿಗೆ ಬರೆಯುವ ಕೈ ಇಂದಿಗೂ ಮತ್ತೊಬ್ಬರದು.

ಆದುದರಿಂದ ಈ ಭಾಷಣವನ್ನು ಕೇಳುತ್ತಿರುವ ಎರಡೂ ತಾಲೂಕುಗಳ ಕನ್ನಡ ಉಪಾಧ್ಯಾಯರಲ್ಲಿಯೂ ಡ್ವಾಕ್ರಾ ಸ್ವಸಹಾಯ ಸಂಘಗಳ ತಾಯಂದಿರಲ್ಲಿಯೂ ನನ್ನದೊಂದು ವಿಜ್ಞಾಪನೆ. ‘ಚೋಮನ ದುಡಿ’ಯನ್ನು ನಿಮ್ಮ ಊರಿನಲ್ಲಿ ತೋರಿಸಿರಿ, ಊರ ನಡುವಿನ ಗುಡಿಯ ಮುಂದೆಯಲ್ಲ, ಕೇರಿಯ ಜನರು ಅಂಜದೆ ಬಂದು ಮುಂದೆ ಕುಳಿತುಕೊಳ್ಳಬಹುದಾದ ಸ್ಥಳದಲ್ಲಿ. ಮಾವೋರಿ ಚಿತ್ರವು ಎಳೆಯ ಮಕ್ಕಳಿಗೆ ತಕ್ಕುದಲ್ಲ. ಅದನ್ನು ದೊಡ್ಡವರು, ಮುಖ್ಯವಾಗಿ ಗಂಡಸರು, ಕೂತು ನೋಡಲಿ, ಅದರ ಕಥೆಯನ್ನು ಕನ್ನಡದಲ್ಲಿ ಹೇಳಬಲ್ಲವರೊಬ್ಬರು ಪಕ್ಕದಲ್ಲಿರಲಿ. ಮುಗಿದ ಕೂಡಲೇ ದೀಪ ಹಾಕಿ ಜನರನ್ನು ಕಳುಹಿಸಿಬಿಡಬೇಡಿರಿ. ಹೆಂಗಸರು ಮಾತನಾಡುವವರೆಗೆ ಕಾಯಿರಿ. ಮತ್ತು ನಿಮ್ಮ ಶಾಲೆಯ ಹುಡುಗಿಯರಲ್ಲಿ ಯಾರಾದರೂ ತನ್ನ ಮನೆಯ ವಿಷಯವನ್ನು ಕಾಪಿ ಪುಸ್ತಕದಲ್ಲಿ ಬರೆದು ನಿಮ್ಮ ಕೈಗೆ ಕೊಟ್ಟರೆ, ಕಾಗುಣಿತವನ್ನು ಆಮೇಲೆ ತಿದ್ದಿರಿ. ಆಕೆ ಏನು ಬರೆದಿದ್ದಾಳೆಂಬುದನ್ನು ಮೊದಲು ಓದಿರಿ.